ಲಾಲ್ ದೇವುಳದ ಹತ್ತು ಜನ



ಕಳೆದ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ನನ್ನನ್ನು ಕೇಳಿದ್ದರು: “ನೀವು ಕೇಂದ್ರ ಸರ್ಕಾರದವರು. ಕ್ಯಾಂಪಿನಲ್ಲಿರುವ ಆ ಯೆಹೂದ್ಯ ಮಂದಿರವನ್ನು ಸರ್ಕಾರವೇ ವಹಿಸಿಕೊಂಡು ವಸ್ತುಸಂಗ್ರಹಾಲಯ ಮಾಡಬಾರದೇಕೆ?” ಅಂದು ಉತ್ತರ ಹೊಳೆಯಲಿಲ್ಲ. ಇಂದಿನ ಮಾತು ಆ ಪ್ರಶ್ನೆಯ ಋಣ.

ಪುಣೆಗೆ ವರ್ಗವಾಗಿ ಬಂದ ಮೊದಲ ವಾರ ನಾನು ಮೊಲೆದಿನಾ ರಸ್ತೆಯ ಕೆಂಪಿಟ್ಟಿಗೆಯ ಗಡಿಯಾರ ಗೋಪುರವನ್ನು ಕಂಡು, ಇದಾವ ಇಗರ್ಜಿಯೆಂದು ರಿಕ್ಷಾದವನನ್ನು ಕೇಳಿದೆ. “ಲಾಲ್ ದೇವುಳ” ಎಂದ. ನಮ್ಮ ‘ದೇಗುಲ’ದ ಸೋದರ ಶಬ್ದ. ಹೀಬ್ರೂವಿನಲ್ಲಿ ಅದರ ಹೆಸರು ಓಹೆಲ್ ದಾವಿದ್, ಎಂದರೆ ದಾವೀದನ ಗುಡಾರ. ಗುಡಾರಕ್ಕೆ ತೊಂಬತ್ತು ಅಡಿಯ ಗೋಪುರ!

ಕಟ್ಟಿಸಿದವರು ಡೇವಿಡ್ ಸಸೂನ್. 1792ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿ, ಅಲ್ಲಿಯ ಆಳರಸರ ಕಿರುಕುಳಕ್ಕೆ ಊರು ತೊರೆದು, 1832ರ ಸುಮಾರಿಗೆ ಮುಂಬಯಿ ಸೇರಿದ ವರ್ತಕರು. ಅವರ ಸಂಪತ್ತಿನಲ್ಲಿ ಹತ್ತಿಯ ಪಾಲಿತ್ತು, ಚೀನಕ್ಕೆ ಸಾಗಿಸಿದ ಅಫೀಮಿನ ಪಾಲೂ ಇತ್ತು. ಸಸೂನ್ ಆಸ್ಪತ್ರೆಯ ಉಪಕಾರ ಉಂಡ ನಾವು ಎರಡನೆಯದನ್ನು ನೆನೆಯುವುದು ಕಡಿಮೆ. 1863ರಲ್ಲಿ ಆರಂಭವಾದ ಮಂದಿರ 1867ರಲ್ಲಿ ಮುಗಿಯಿತು. ನಕ್ಷೆ ಹೆನ್ರಿ ಸೇಂಟ್ ಕ್ಲೇರ್ ವಿಲ್ಕಿನ್ಸ್ ಎಂಬ ಸೇನಾ ಎಂಜಿನಿಯರನದು. ಅಷ್ಟರಲ್ಲಿ, 1864ರಲ್ಲಿ, ಸಸೂನರು ಪುಣೆಯಲ್ಲೇ ತೀರಿಕೊಂಡಿದ್ದರು. ಅವರ ಸಮಾಧಿ ಅದೇ ಆವರಣದಲ್ಲಿದೆ.

ಆದರೆ ನನ್ನ ಮನಸ್ಸನ್ನು ಹೆಚ್ಚು ಹಿಡಿದವರು ಸಸೂನರಲ್ಲ, ಬೆನೆ ಇಸ್ರೇಲಿಗಳು. ತಮ್ಮ ಪೂರ್ವಜರು ಹಡಗು ಒಡೆದು ಅಲಿಬಾಗದ ಬಳಿಯ ನವಗಾಂವ್ ಕರಾವಳಿಗೆ ಬಂದು ಬಿದ್ದವರೆಂದು ಅವರ ಐತಿಹ್ಯ. ಗಾಣದಿಂದ ಎಣ್ಣೆ ತೆಗೆಯುತ್ತಿದ್ದ ಇವರು ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಆದ್ದರಿಂದ ಕೊಂಕಣದ ಜನ ‘ಶನಿವಾರ ತೇಲಿ’ ಎಂದರು. ಪೇಣಕರ, ರೋಹೇಕರ ಎಂದು ಊರಿನ ಹೆಸರೇ ಮನೆತನದ ಹೆಸರಾಯಿತು, ಮರಾಠಿಯೇ ಮನೆಮಾತಾಯಿತು. ತಡವಾಗಿ ಬಂದ ಬಾಗ್ದಾದಿಗಳು ಧರ್ಮಾಚಾರದಲ್ಲಿ ಇವರನ್ನು ಸರಿಸಮಾನರೆಂದು ಒಪ್ಪಲು ಹಿಂಜರಿದರು. ಬೆನೆ ಇಸ್ರೇಲಿಗಳು 1921ರಲ್ಲಿ ರಾಸ್ತಾ ಪೇಠೆಯಲ್ಲಿ ತಮ್ಮದೇ ಸುಕ್ಕಾತ್ ಶೆಲೋಮೋ ಮಂದಿರವನ್ನು ಕಟ್ಟಿಕೊಂಡರು. ಸ್ವಾತಂತ್ರ್ಯಾನಂತರ ಬಾಗ್ದಾದಿಗಳಲ್ಲಿ ಬಹುಪಾಲು ಜನ ವಿದೇಶಗಳಿಗೆ ಹೊರಟುಹೋದರು. ಇಂದು ಲಾಲ್ ದೇವುಳದಲ್ಲಿ ಪ್ರಾರ್ಥನೆಗೆ ಸೇರುವವರಲ್ಲಿ ಹೆಚ್ಚಿನವರು ಆ ಮರಾಠಿ ಮಾತಿನ ಬೆನೆ ಇಸ್ರೇಲಿಗಳೇ!

ಇನ್ನು ವಸ್ತುಸಂಗ್ರಹಾಲಯದ ವಿಚಾರ. ಕೊಚ್ಚಿಯಲ್ಲಿ ಕೆಲಸದ ಮೇಲಿದ್ದಾಗ ಚೆಂದಮಂಗಲಂ ಮತ್ತು ಪರವೂರುಗಳಿಗೆ ಹೋಗಿದ್ದೆ. ಅಲ್ಲಿಯ ಯೆಹೂದ್ಯರು 1948ರ ನಂತರದ ವರ್ಷಗಳಲ್ಲಿ ಬಹುತೇಕ ಎಲ್ಲರೂ ಇಸ್ರೇಲಿಗೆ ಹೋದರು, ಮಂದಿರಗಳು ಪಾಳುಬಿದ್ದವು. ಅವುಗಳನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯಗಳಾಗಿಸಿದ್ದಾರೆ. ಚೆಂದಮಂಗಲದ್ದು 2006ರಲ್ಲಿ ತೆರೆಯಿತು. ಒಪ್ಪವಾದ ಕೆಲಸ, ಸಂದೇಹವಿಲ್ಲ. ಆಗದಿದ್ದರೆ ಗೋಡೆಯೂ ಉಳಿಯುತ್ತಿರಲಿಲ್ಲ. ಮಟ್ಟಾಂಚೇರಿಯ ಕಡವುಂಭಾಗಂ ಮಂದಿರದ ಒಳಾಂಗಣವಂತೂ ಬಿಚ್ಚಿಕೊಂಡು ಹೋಗಿ ಈಗ ಜೆರುಸಲೇಮಿನ ಸಂಗ್ರಹಾಲಯದಲ್ಲಿದೆ. ಎಲ್ಲ ವಿವರಗಳೂ ಫಲಕದ ಮೇಲಿದ್ದವು. ನಾನು ಒಂದು ಪ್ರಶ್ನೆ ಕೇಳಬಯಸಿದೆ. ಉತ್ತರಿಸಲು ಆ ಸಮುದಾಯದ ಒಬ್ಬರೂ ಅಲ್ಲಿರಲಿಲ್ಲ.

ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಪುರುಷರು ಕೂಡಬೇಕೆಂಬುದು ಯೆಹೂದ್ಯರ ಸಂಪ್ರದಾಯದ ನಿಯಮ. ನಮ್ಮ ಸರ್ವಸದಸ್ಯರ ಸಭೆಯನ್ನು ಕೋರಂ ಇಲ್ಲವೆಂದು ಅರ್ಧ ಗಂಟೆ ಮುಂದೂಡಿ, ಬಳಿಕ ಇದ್ದವರೇ ನಡೆಸುವಂತಲ್ಲ. ಒಂಬತ್ತಾದರೆ ಕಾಯಬೇಕು. ಅಪ್ಪಣೆ ಪಡೆದು ನಾನು ಲಾಲ್ ದೇವುಳಕ್ಕೆ ಹೋದ ಸಂಜೆ ಹಿರಿಯರೊಬ್ಬರು ಬಾಗಿಲತ್ತ ನೋಡುತ್ತ ಎಣಿಸುತ್ತಿದ್ದರು. ಮರಾಠಿಯಲ್ಲಿ ಎಣಿಸುತ್ತಿದ್ದರು. ಹತ್ತನೆಯವನಾಗಿ ಓಡಿಬಂದ ತರುಣ ಹೆಲ್ಮೆಟ್ ತೆಗೆದು ಟೋಪಿ ಹಾಕಿಕೊಂಡ, ಪ್ರಾರ್ಥನೆ ಶುರುವಾಯಿತು. ನಾನು ಹಿಂದಿನ ಬೆಂಚಿನಲ್ಲಿದ್ದೆ, ಲೆಕ್ಕಕ್ಕೆ ಇಲ್ಲದವನು.

ಆದ್ದರಿಂದ ಹಿರಿಯರಿಗೆ ನನ್ನ ಉತ್ತರ: ಈಗಲೇ ಬೇಡ. ಎಣಿಸುವವರು ಇರುವತನಕ ಅದು ಅವರದು. ದುರಸ್ತಿಗೆ ಹಣ ಬೇಕಾದರೆ ಸಾರ್ವಜನಿಕರು ಕೊಡೋಣ, ಬೀಗದ ಕೈ ಕೇಳುವುದು ಬೇಡ.

ಇಸ್ರೇಲಿಗೆ ಹೋದ ಬೆನೆ ಇಸ್ರೇಲಿಗಳು ಅಲ್ಲಿಂದ ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆಯನ್ನು ಹೊರತಂದಿದ್ದಾರೆ. ಮಾಯಬೋಲಿ ಎಂದರೆ ತಾಯ್ನುಡಿ. ಅದೂ ನಮ್ಮದರಂತೆ ತ್ರೈಮಾಸಿಕ. ಒಂದು ಸಂಚಿಕೆ ದೊರೆತರೆ ನಮ್ಮ ವಾಚನಾಲಯಕ್ಕೆ ತರಿಸಬೇಕೆಂದು ಕಾರ್ಯದರ್ಶಿಯವರಲ್ಲಿ ವಿನಂತಿ.