ಸಣ್ಣ ವಿಮಾನ ಸಾಕುವ ಕಷ್ಟಸುಖ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಣ್ಣ ವಿಮಾನಗಳ ರಿಪೇರಿ ಕೆಲಸದಲ್ಲಿ ಆಯಸ್ಸಿನ ಬಹುಪಾಲು ಕಳೆದವನು ನಾನು. ಊರಿಗೆ ಬಂದಾಗಲೆಲ್ಲ ಅರಳಿಕಟ್ಟೆಯಲ್ಲಿ ಒಂದೇ ಪ್ರಶ್ನೆ: "ಒಂದು ವಿಮಾನ ತಗೊಳ್ಳಕ್ಕೆ ಎಷ್ಟಾಯ್ತದಪ್ಪ?" ಮಂಡಕಳ್ಳಿ ಕಡೆಯಿಂದ ಬರುವ ಪುಟ್ಟ ತರಬೇತಿ ವಿಮಾನಗಳನ್ನು ತಲೆಯೆತ್ತಿ ನೋಡಿದವರಿಗೆ ಈ ಪ್ರಶ್ನೆ ಸಹಜ. ನಾನು ಕೊಡುವ ಉತ್ತರವೂ ಒಂದೇ. ಎತ್ತು ಕೊಳ್ಳುವುದು ಒಂದು ದಿನದ ಸಂತೆ ವ್ಯಾಪಾರ, ಸಾಕುವುದು ವರ್ಷವಿಡೀ ಇರುವ ಕೆಲಸ. ವಿಮಾನವೂ ಹಾಗೆಯೇ. ಇವತ್ತು ಆ ಸಾಕುವ ವಿಷಯವನ್ನೇ ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಸೀಮೆಗೆ ವಿಮಾನ ಹೊಸದಲ್ಲ. ಬೆಂಗಳೂರಿನ ಎಚ್‌.ಎ.ಎಲ್‌. ಕಾರ್ಖಾನೆ 1940ರಲ್ಲಿ ಶುರುವಾದದ್ದು ವಾಲ್‌ಚಂದ್ ಹೀರಾಚಂದರ ಸಾಹಸ ಮತ್ತು ಮೈಸೂರು ಸಂಸ್ಥಾನದ ನೆರವು ಎರಡೂ ಸೇರಿ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1949ರದ್ದು. 1958ರಲ್ಲಿ ಎಚ್‌.ಎ.ಎಲ್‌. 'ಪುಷ್ಪಕ್' ಎಂಬ ಇಬ್ಬರು ಕೂರುವ ವಿಮಾನ ಹಾರಿಸಿತು. ಡಾ. ವಿ. ಎಂ. ಘಾಟಗೆಯವರ ತಂಡದ ವಿನ್ಯಾಸ, 90 ಕುದುರೆ ಶಕ್ತಿಯ ಎಂಜಿನ್, ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ಮಾಡಿದ್ದು. ಅದರ ರೆಕ್ಕೆಗೆ ಹೊದಿಸಿದ್ದು ತಗಡಲ್ಲ, ಬಟ್ಟೆ! ಬಟ್ಟೆಯನ್ನು ಬಿಗಿದು ಕಟ್ಟಿ ಮೇಲೆ 'ಡೋಪ್' ಎಂಬ ದ್ರಾವಣ ಬಳಿದರೆ ಅದು ತಮಟೆಯ ಚರ್ಮದಂತೆ ಬಿಗಿಯಾಗುತ್ತದೆ. ಬೆರಳಲ್ಲಿ ತಟ್ಟಿ ಸದ್ದು ಕೇಳಿದರೆ ಹಳಬರಿಗೆ ಬಟ್ಟೆಯ ಸ್ಥಿತಿ ಗೊತ್ತಾಗುತ್ತಿತ್ತು. ಆಮೇಲೆ ಬೆಂಗಳೂರಿನ ಎನ್‌.ಎ.ಎಲ್‌. ಸಂಸ್ಥೆ ನಾರು ಮತ್ತು ರಾಳದಿಂದ ಮಾಡಿದ 'ಹಂಸ' ವಿಮಾನವನ್ನು 1993ರಲ್ಲಿ ಮೊದಲ ಬಾರಿಗೆ ಹಾರಿಸಿತು.

ಸ್ವಂತ ವಿಮಾನ ಇಟ್ಟವನಿಗೆ ಮೊದಲು ಎದುರಾಗುವುದು ಕಾಗದ. ನಮ್ಮ ದೇಶದ ವಿಮಾನಗಳ ನೋಂದಣಿ 'ವಿಟಿ' ಎಂದು ಶುರುವಾಗುತ್ತದೆ. ಹಾರಲು ಯೋಗ್ಯವೆಂಬ ಪ್ರಮಾಣಪತ್ರ ಬೇಕು, ಅದರ ಪರಿಶೀಲನೆ ವರ್ಷ ವರ್ಷವೂ ಆಗಬೇಕು, ವಿಮೆ ಬೇಕು. ಹೊರಡುವ ಮುನ್ನ ಎಲ್ಲಿಂದ ಎಲ್ಲಿಗೆ ಎಂದು ಬರೆದುಕೊಟ್ಟು ಅನುಮತಿ ಪಡೆಯಬೇಕು. ಖಾಸಗಿ ಪರವಾನಗಿ ಇಟ್ಟುಕೊಂಡು ಸ್ನೇಹಿತರನ್ನು ಕೂರಿಸಿಕೊಳ್ಳಬಹುದು, ಬಾಡಿಗೆ ಈಸಿಕೊಳ್ಳುವಂತಿಲ್ಲ. ಸುತ್ತೂರು ಜಾತ್ರೆಗೆ ಟೆಂಪೋ ಬಿಟ್ಟಂತೆ ವಿಮಾನ ಬಿಡಲು ಆಗದು.

ಎರಡನೆಯದು ಎಂಜಿನ್. ಸಣ್ಣ ವಿಮಾನದ್ದು ಹೆಚ್ಚಾಗಿ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಮೈಸೂರಿನ ಯೆಜ್ಡಿ ಬೈಕು ಬಿಚ್ಚಿದವರಿಗೆ ಅದರ ಒಳಗು ಪೂರ್ತಿ ಅಪರಿಚಿತವೇನಲ್ಲ. ಆದರೆ ಇಲ್ಲಿ ಪ್ರತಿ ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್. ಅವುಗಳಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಸಹ ಎರಡು, ಬ್ಯಾಟರಿಯ ಹಂಗಿಲ್ಲ. ಒಂದು ಕೈಕೊಟ್ಟರೆ ಇನ್ನೊಂದು ನಡೆಸುತ್ತದೆ. ಹಾರುವ ಮುನ್ನ ಪೈಲಟ್ ಒಂದೊಂದನ್ನೇ ಆರಿಸಿ ಪರೀಕ್ಷಿಸುತ್ತಾನೆ. ನೆಲದ ಮೇಲೆ ಎಂಜಿನ್ ತೊದಲಿದರೆ ಪ್ರಯಾಣ ಅಲ್ಲಿಗೇ ನಿಂತಿತು.

ಐವತ್ತು ಗಂಟೆಗೊಮ್ಮೆ, ನೂರು ಗಂಟೆಗೊಮ್ಮೆ ತಪಾಸಣೆ ಇರುತ್ತದೆ. ಆಯಿಲ್ ಫಿಲ್ಟರನ್ನು ಬಿಸಾಡುವುದಿಲ್ಲ, ಕತ್ತರಿಸಿ ಬಿಡಿಸಿ ಲೋಹದ ಚೂರು ಹೊಳೆಯುತ್ತದೆಯೇ ಎಂದು ನೋಡುತ್ತೇವೆ. ಸುಮಾರು 2,000 ಗಂಟೆಯಾದರೆ ಇಡೀ ಎಂಜಿನ್ ಬಿಚ್ಚಿ ಕಟ್ಟಬೇಕು. ವಿಚಿತ್ರವೆಂದರೆ, ದಿನಾ ಹಾರುವ ಎಂಜಿನ್ ಚೆನ್ನಾಗಿರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿಟ್ಟದ್ದು ಒಳಗೊಳಗೇ ತುಕ್ಕು ಹಿಡಿಯುತ್ತದೆ. ಶ್ರೀಮಂತರು ಆಸೆಗೆ ಕೊಂಡು ಶೆಡ್ಡಿನಲ್ಲಿ ಬಿಟ್ಟ ವಿಮಾನಗಳ ಸ್ಥಿತಿ ನೋಡಿದರೆ ನನಗೆ ಸಂಕಟವಾಗುತ್ತದೆ. ಇನ್ನು ಬಿಡಿಭಾಗ. ಪಂಪ್‌ಸೆಟ್ಟಿಗೆ ಸೈಕಲ್ ಟ್ಯೂಬು ಸುತ್ತಿ ಕೆಲಸ ಸಾಗಿಸುವ ಜಾಣ್ಮೆ ನಮ್ಮ ರೈತರಿಗೆ ಇದೆ, ನನಗೂ ಇತ್ತು. ಅದನ್ನು ಮರೆಯುವುದೇ ನನ್ನ ವೃತ್ತಿಯ ಮೊದಲ ಪಾಠವಾಯಿತು. ಎಲ್ಲಿಂದ ಬಂತೆಂಬ ಕಾಗದವಿಲ್ಲದ ಬೋಲ್ಟು ಎಷ್ಟೇ ಫಳಫಳ ಹೊಳೆದರೂ ಗುಜರಿಯೇ.

ಇಲ್ಲೊಂದು ನನ್ನ ತಪ್ಪಿನ ಕತೆ ಹೇಳಬೇಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಂದು ಸಂಜೆ ಹೊಸ ಆಯಿಲ್ ಫಿಲ್ಟರ್ ಕೂರಿಸುತ್ತಿದ್ದೆ. ಬಿಗಿ ಮಾಡಿದ್ದಾಯಿತು, ಸಡಿಲವಾಗದಂತೆ ಅದಕ್ಕೆ ಲಾಕಿಂಗ್ ವೈರ್ ಸುತ್ತಬೇಕು. ಅಷ್ಟರಲ್ಲಿ ಯಾರೋ ಕೂಗಿದರು, ಊರಿಂದ ಫೋನ್ ಬಂದಿದೆ ಎಂದು. ಅಪ್ಪನಿಗೆ ಹುಷಾರಿಲ್ಲ ಎಂಬ ಸುದ್ದಿ. ವಾಪಸ್ ಬಂದವನು ಮುಚ್ಚಳ ಹಾಕಿ, ಕೆಲಸ ಮುಗಿಯಿತೆಂದು ಹಾಳೆಯಲ್ಲಿ ಗುರುತು ಹಾಕಿಬಿಟ್ಟೆ. ಮಾರನೆಯ ಬೆಳಿಗ್ಗೆ ಆ ವಿಮಾನದ ಒಡೆಯ ತನ್ನ ಮಗಳನ್ನು ಕೂರಿಸಿಕೊಂಡು ಹಾರುವವನಿದ್ದ.

ಸಹಿ ಹಾಕಬೇಕಾದ ಹಿರಿಯ ಎಂಜಿನಿಯರು ಹಾಳೆ ನೋಡಲಿಲ್ಲ. ಮುಚ್ಚಳ ತೆಗೆಸಿ ಟಾರ್ಚ್ ಬಿಟ್ಟರು. "ವೈರ್ ಎಲ್ಲಪ್ಪಾ?" ಎಂದರು. ಬೈಯಲಿಲ್ಲ. ನನ್ನ ಕೈಯಿಂದಲೇ ವೈರ್ ಸುತ್ತಿಸಿದರು, ಆಮೇಲೆ ಆ ಹುಡುಗಿ ತಿಂಡಿಯ ಡಬ್ಬಿ ಹಿಡಿದು ವಿಮಾನ ಹತ್ತುವುದನ್ನು ಪಕ್ಕದಲ್ಲಿ ನಿಲ್ಲಿಸಿ ತೋರಿಸಿದರು. ಫಿಲ್ಟರ್ ಸಡಿಲವಾಗಿದ್ದರೆ ಮೇಲೆ ಹೋದ ಮೇಲೆ ಆಯಿಲ್ ಎಲ್ಲ ಸುರಿದು ಎಂಜಿನ್ ಹಿಡಿದುಕೊಳ್ಳಬಹುದಿತ್ತು. ಅವತ್ತಿನಿಂದ, ಕೆಲಸದ ನಡುವೆ ಯಾರಾದರೂ ಕರೆದರೆ ವಾಪಸ್ ಬಂದು ಮೂರು ಹೆಜ್ಜೆ ಹಿಂದಿನಿಂದ ಮತ್ತೆ ಶುರು ಮಾಡುತ್ತೇನೆ. ಈಗ ಮೊಬೈಲನ್ನು ಹ್ಯಾಂಗರಿನ ಬಾಗಿಲಲ್ಲೇ ಇಡಿಸುತ್ತೇನೆ, ಹುಡುಗರು ನನ್ನನ್ನು ಬೈದುಕೊಳ್ಳುತ್ತಾರೆ.

ಪೈಲಟ್ಟಿನ ಕೆಲಸವೂ ನೆಲದ ಮೇಲೆಯೇ ಶುರು. ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಹಾಕಬೇಕು. ಗಾಳಿಯ ವೇಗ ಅಳೆಯಲು ರೆಕ್ಕೆಯ ಬಳಿ ಒಂದು ಸಣ್ಣ ಕೊಳವೆ ಇದೆ. ಮಣ್ಣುಗೂಡು ಕಟ್ಟುವ ಕಡಜಕ್ಕೆ ಆ ತೂತು ಬಲು ಇಷ್ಟ! ಅದು ಮುಚ್ಚಿದರೆ ವೇಗದ ಮುಳ್ಳು ಸುಳ್ಳು ಹೇಳುತ್ತದೆ. ರಾತ್ರಿಯ ತಂಪಿಗೆ ಅರ್ಧ ಖಾಲಿಯಿದ್ದ ಟ್ಯಾಂಕಿನೊಳಗೆ ನೀರು ಹನಿಗಟ್ಟುತ್ತದೆ. ವಿಮಾನದ ಪೆಟ್ರೋಲು ತಿಳಿ ನೀಲಿ. ನೀರು ಅದಕ್ಕಿಂತ ಭಾರ, ತಳದಲ್ಲಿ ಕೂರುತ್ತದೆ. ಟ್ಯಾಂಕಿನ ತಳದಿಂದ ಪಾರದರ್ಶಕ ಲೋಟಕ್ಕೆ ಸ್ವಲ್ಪ ಬಸಿದು ಬೆಳಕಿಗೆ ಹಿಡಿದರೆ ನೀರಿನ ಮಣಿ ಕಾಣುತ್ತದೆ. ಕಾಣದಷ್ಟು ಸಲ ಬಸಿಯಬೇಕು.

ಸಣ್ಣ ವಿಮಾನದವರ ದೊಡ್ಡ ಶತ್ರು ಮೋಡ. ಜಾತ್ರೆಯ ತಿರುಗುವ ತೊಟ್ಟಿಲಿನಿಂದ ಇಳಿದಾಗ ನಿಂತ ನೆಲವೇ ತಿರುಗಿದಂತಾಗುತ್ತದಲ್ಲ? ಮೋಡದೊಳಗೆ ನೆಲ ಕಾಣದಾಗ ಕಿವಿಯೊಳಗಿನ ಅದೇ ಅಂಗ ಪೈಲಟ್ಟಿಗೆ ಮೋಸ ಮಾಡುತ್ತದೆ. ವಿಮಾನ ವಾಲುತ್ತಿದ್ದರೂ ನೆಟ್ಟಗಿದೆ ಎನಿಸುತ್ತದೆ. ಮೀಟರು ನೋಡಿಯೇ ಹಾರುವ ತರಬೇತಿ ಇಲ್ಲದವನು ಮೋಡ ಕಂಡರೆ ಹಿಂದಿರುಗಬೇಕು. ಸಂಜೆಯೊಳಗೆ ಮನೆ ಸೇರಬೇಕೆಂಬ ಹಟ ಎಷ್ಟೋ ಜನರನ್ನು ನುಂಗಿದೆ. ನಮ್ಮ ಭಾಗದಲ್ಲಿ ಏಪ್ರಿಲ್ ಮಧ್ಯಾಹ್ನದ ಮಾತೂ ಅಷ್ಟೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಎತ್ತರ, ಜೊತೆಗೆ ಸೆಕೆ. ಗಾಳಿ ತೆಳುವಾಗಿ ವಿಮಾನ ಏಳಲು ಹೆಚ್ಚು ಓಟ ಬೇಕಾಗುತ್ತದೆ, ಸಂಜೆಗೆ ಗುಡುಗು ಮಳೆ.

ಇನ್ನೊಂದು ಆಸೆ, ಸ್ವಂತ ಊರಿನ ಮೇಲೆ ತಗ್ಗಿ ಹಾರುವುದು. ಮೇಲಿನಿಂದ ಕಪಿಲೆಯ ಗೆರೆ ಹಿಡಿದು ನಂಜನಗೂಡಿನಿಂದ ತಿರುಮಕೂಡಲಿಗೆ ಹೋದರೆ, ಕಾವೇರಿ ಬಂದು ಸೇರುವ ಆ ಜಾಗ ಕಣ್ಣಿಗೆ ಹಬ್ಬ. ಒಬ್ಬ ಮಿತ್ರನ ಪಕ್ಕದ ಸೀಟಿನಲ್ಲಿ ಕೂತು ಒಮ್ಮೆ ನೋಡಿದ್ದೇನೆ. "ನಿಮ್ಮ ಊರಿನ ಮೇಲೆ ಕೆಳಗೆ ಇಳಿಸಲೇ?" ಎಂದ. ಮನಸ್ಸು ಹೂಂ ಎಂದಿತು, ಬಾಯಿ ಬೇಡ ಎಂದಿತು. ಬಯಲಿನ ಮೇಲೆ 500 ಅಡಿ, ಜನವಸತಿಯ ಮೇಲೆ 1,000 ಅಡಿಗಿಂತ ಕೆಳಗೆ ಬರಬಾರದೆಂಬ ನಿಯಮಕ್ಕೆ ಕಾರಣವಿದೆ. ವಿದ್ಯುತ್ ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬ ಕಂಡರೆ ಪುಣ್ಯ.

ಏರುವಾಗಲೇ ಎಂಜಿನ್ ನಿಂತರೆ? ರನ್‌ವೇಗೆ ಹಿಂದಿರುಗಲು ಹೋಗಬಾರದು. ತಿರುವಿನಲ್ಲಿ ಎತ್ತರ ಕಳೆದುಹೋಗುತ್ತದೆ, ವೇಗ ಕುಗ್ಗಿದರೆ ರೆಕ್ಕೆ ಹೊರುವುದನ್ನೇ ಬಿಡುತ್ತದೆ. ಮೂಗು ಬಗ್ಗಿಸಿ, ಎದುರಿಗೆ ಸಿಕ್ಕಿದ ಬಯಲಿಗೆ ಇಳಿಸಬೇಕು. ಆ ಬಯಲು ನಿಮ್ಮದೇ ಕೊಯ್ಲಾದ ಗದ್ದೆ ಆಗಿರಬಹುದು. ಅದಕ್ಕೇ ಊರಿನವರಿಗೆ ಎರಡು ಮಾತು. ಹಾಗೆ ಇಳಿದ ವಿಮಾನದ ಮುಂದಿನಿಂದ ಹೋಗಬೇಡಿ; ನಿಂತಿರುವ ಪ್ರೊಪೆಲ್ಲರನ್ನು ಮುಟ್ಟಬೇಡಿ, ಮ್ಯಾಗ್ನೆಟೋ ಆರಿಸಿರದಿದ್ದರೆ ಅದು ಸಿಡಿದು ತಿರುಗಬಹುದು. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ, ಪೆಟ್ರೋಲು ಸೋರುತ್ತಿರುತ್ತದೆ. ರೆಕ್ಕೆಯ ಹಿಂಬದಿಯಿಂದ ಹೋಗಿ ಒಳಗಿದ್ದವರನ್ನು ನೋಡಿ, 112ಕ್ಕೆ ಫೋನ್ ಮಾಡಿ. ಬಿದ್ದ ಚೂರುಗಳನ್ನು ನೆನಪಿಗೆಂದು ಮನೆಗೆ ಒಯ್ಯಬೇಡಿ, ತನಿಖೆಯವರಿಗೆ ಅವು ಬಿದ್ದ ಜಾಗವೇ ಸಾಕ್ಷಿ. ಇನ್ನು ವಿಮಾನ ನಿಲ್ದಾಣದ ಸುತ್ತಲಿನ ಊರಿನವರು ಮಾಂಸದಂಗಡಿಯ ಕಸ ಬಯಲಲ್ಲಿ ಸುರಿದರೆ ಹದ್ದುಗಳು ಬರುತ್ತವೆ. ಒಂದು ಹದ್ದು ಗಾಜು ಒಡೆಯಲು ಸಾಕು.

ಮಕ್ಕಳು ಕೇಳುತ್ತಾರೆಂದು ಹೇಳಿಬಿಡುತ್ತೇನೆ. 16 ವರ್ಷಕ್ಕೆ ಕಲಿಕೆಯ ಪರವಾನಗಿ, 17ಕ್ಕೆ, 40 ಗಂಟೆ ಹಾರಿದ ಮೇಲೆ, ಖಾಸಗಿ ಪರವಾನಗಿ. ಅದಕ್ಕೆ ದುಡ್ಡು ಬೇಕು, ಸುಳ್ಳು ಹೇಳುವುದಿಲ್ಲ. ನನ್ನಂತೆ ಸ್ಪ್ಯಾನರ್ ಹಿಡಿಯಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಇದೇ ಶಾಲೆಯಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು ಮೊದಲ ಸಾಲಿನಲ್ಲಿ ಕೂತಿದ್ದಾರೆ. ಲೆಕ್ಕ ಮುಗಿಸಿದ ಮೇಲೆ ಉತ್ತರವನ್ನು ತಿರುಗಿಸಿ ತಾಳೆ ನೋಡು ಎಂದು ಕಿವಿ ಹಿಂಡಿದವರು ಅವರೇ. ಸಾರ್, ಈಗಲೂ ನೋಡುತ್ತಿದ್ದೇನೆ, ಟಾರ್ಚ್ ಹಿಡಿದುಕೊಂಡು.