ಕಣ್ಣಿನ ಒತ್ತಡಕ್ಕೆ ಹನಿ ಮದ್ದು

ಕಣ್ಣಿನ ಪೊರೆ ಎಂದರೆ ನಮ್ಮ ಜನಕ್ಕೆ ಈಗ ಅಷ್ಟು ಅಂಜಿಕೆಯಿಲ್ಲ. ಬೀಳಗಿಯ ಡಾ. ಎಂ. ಸಿ. ಮೋದಿಯವರು (1916–2005) ಊರೂರಿಗೆ ಹೋಗಿ ಶಿಬಿರ ಹೂಡಿ ಪೊರೆ ತೆಗೆದರು. ಮಸುಕಾದ ಕಣ್ಣಿಗೆ ಮತ್ತೆ ಬೆಳಕು ಬರುತ್ತದೆಂಬ ನಂಬಿಕೆಯನ್ನು ಮೂಡಿಸಿದರು. ಆದರೆ ಇದೇ ನಂಬಿಕೆ ಗ್ಲಾಕೋಮಾ ಎಂಬ ಇನ್ನೊಂದು ರೋಗದಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಅದರಲ್ಲಿ ಹೋದ ದೃಷ್ಟಿ ಮರಳಿ ಬಾರದು. ಉಳಿದುದನ್ನು ಕಾಯ್ದುಕೊಳ್ಳುವುದಷ್ಟೇ ನಮ್ಮ ಕೈಯಲ್ಲಿದೆ.

ಈ ರೋಗವೆಂದರೇನು? ಸಿಂಧನೂರು ತಾಲ್ಲೂಕಿನ ಮುಕ್ಕುಂದದಂಥ ಊರಿನವರಿಗೆ ನೀರಿನ ಲೆಕ್ಕವನ್ನು ಬೇರೆ ಹೇಳಬೇಕಾಗಿಲ್ಲ. ಗದ್ದೆಗೆ ನೀರು ಬರುತ್ತಲೇ ಇದ್ದು ಬಸಿಗಾಲುವೆ ಕಟ್ಟಿಕೊಂಡರೆ ಬದು ಉಳಿದೀತೆ? ಕಣ್ಣಿನೊಳಗೂ ಒಂದು ತಿಳಿನೀರು ಸದಾ ಊರುತ್ತ, ಸದಾ ಬಸಿದುಹೋಗುತ್ತ ಇರುತ್ತದೆ. ಬಸಿಯುವ ದಾರಿ ಬಿಗಿದರೆ ಒತ್ತಡ ಏರಿ, ನೋಟವನ್ನು ಮಿದುಳಿಗೆ ಒಯ್ಯುವ ನರ ಸವೆಯುತ್ತದೆ. ಹಲವರಿಗೆ ನೋವಿಲ್ಲ, ಕೆಂಪಿಲ್ಲ. ಅಂಚಿನ ನೋಟ ಸದ್ದಿಲ್ಲದೆ ಕರಗುತ್ತದೆ.

1877ರ ಸುಮಾರಿಗೆ ಪೈಲೋಕಾರ್ಪಿನ್ ಹನಿ ಬಳಕೆಗೆ ಬಂದಿತು; 1978ರಲ್ಲಿ ಟಿಮೋಲಾಲ್, 1996ರಲ್ಲಿ ಲಟಾನೊಪ್ರೋಸ್ಟ್ ಬಂದವು. ಟಿಮೋಲಾಲ್ ನೀರಿನ ಊರುವಿಕೆಯನ್ನು ತಗ್ಗಿಸುತ್ತದೆ. ಉಳಿದೆರಡು ಬಸಿಯುವ ದಾರಿಯನ್ನು ಸುಗಮಗೊಳಿಸುತ್ತವೆ. ಆದರೆ ಹನಿ ಹಾಕಿದೊಡನೆ ನೋಟ ಹೆಚ್ಚುವುದಿಲ್ಲ. ಆದುದರಿಂದ "ಇದರಿಂದ ಗುಣವೇನೂ ಕಾಣಲಿಲ್ಲ" ಎಂದು ಬಿಟ್ಟುಬಿಡುವವರುಂಟು. ಇದೇ ದೊಡ್ಡ ಅಪಾಯ. ಸೀಸೆ ಮುಗಿಯುವ ಮೊದಲೇ ಇನ್ನೊಂದನ್ನು ತರಿಸಿಡಿ. ಸಿಂಧನೂರಿಗೆ ಹೋಗುವ ದಿನಕ್ಕಾಗಿ ಕಾಯುತ್ತ ನಾಲ್ಕು ದಿನ ಕಳೆಯಬೇಡಿ.

ಇನ್ನು ಹಾಕುವ ಕ್ರಮ. ಕೈ ತೊಳೆಯಿರಿ. ಸೀಸೆಯ ಹೆಸರನ್ನೂ ಅವಧಿಯನ್ನೂ ನೋಡಿರಿ. ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ಅಲ್ಲಿ ಆಗುವ ಚೀಲದಲ್ಲಿ ಒಂದೇ ಹನಿ ಬೀಳಿಸಿರಿ. ಎರಡನೆಯ ಹನಿಗೆ ಅಲ್ಲಿ ಎಡೆಯಿಲ್ಲ. ಅದು ಕೆನ್ನೆಯ ಪಾಲು. ಸೀಸೆಯ ತುದಿ ಕಣ್ಣಿಗಾಗಲಿ ಬೆರಳಿಗಾಗಲಿ ತಗಲಬಾರದು. ಬಳಿಕ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಬೆರಳಿನಿಂದ ಒತ್ತಿಕೊಂಡಿರಿ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಿರಿ. ಕೈ ನಡುಗುವ ಅಜ್ಜ ಅಜ್ಜಿಯರಿಗೆ ಮನೆಯ ಮಕ್ಕಳು ಹಾಕಲಿ.

ಮೂಲೆಯನ್ನು ಒತ್ತುವುದೇಕೆ? ಅಲ್ಲಿಂದ ಮೂಗಿಗೆ ಒಂದು ಸಣ್ಣ ದಾರಿಯಿದೆ. ಅದರ ಮೂಲಕ ಮದ್ದು ರಕ್ತಕ್ಕೆ ಸೇರುತ್ತದೆ. ಟಿಮೋಲಾಲ್ ಹಾಗೆ ಸೇರಿದರೆ ಉಬ್ಬಸದವರಿಗೆ ಉಸಿರು ಕಟ್ಟಬಹುದು, ನಾಡಿ ನಿಧಾನವಾಗಬಹುದು. ಉಬ್ಬಸ, ಹೃದಯದ ಬೇನೆ ಇದ್ದವರು ವೈದ್ಯರಿಗೆ ಮೊದಲೇ ಹೇಳಬೇಕು. ನೆರೆಮನೆಯವರ ಸೀಸೆಯನ್ನು ಎರವಲು ತರಬಾರದು. ಕಣ್ಣು ತುರಿಸಿತೆಂದು ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಯೂ ಒತ್ತಡವನ್ನು ಏರಿಸಬಲ್ಲುದು.

ಹೊತ್ತು ತಪ್ಪಿದರೆ ನೆನಪಾದಾಗ ಹಾಕಿರಿ. ಮುಂದಿನ ಹೊತ್ತು ಸಮೀಪಿಸಿದ್ದರೆ ಅದನ್ನೇ ಹಾಕಿರಿ, ಇಮ್ಮಡಿ ಬೇಡ. ನಮ್ಮ ರಾಯಚೂರು ಸೀಮೆಯ ಬೇಸಗೆ 40 ಡಿಗ್ರಿ ದಾಟುತ್ತದೆ. ಸೀಸೆಯನ್ನು ಕಿಟಕಿಯಲ್ಲೋ ಗಾಡಿಯಲ್ಲೋ ಇಡಬೇಡಿ. ತಂಪು ಪೆಟ್ಟಿಗೆಯಲ್ಲಿಡಬೇಕೆಂದು ಬರೆದಿದ್ದರೆ ಹಾಗೆಯೇ ಮಾಡಿರಿ. ತೆರೆದ ದಿನಾಂಕವನ್ನು ಸೀಸೆಯ ಮೇಲೆ ಬರೆಯಿರಿ. ಹೆಚ್ಚಿನ ಮದ್ದುಗಳನ್ನು ತೆರೆದ ನಾಲ್ಕು ವಾರಗಳ ಮೇಲೆ, ಮಿಕ್ಕಿದ್ದರೂ, ಎಸೆಯಬೇಕು.

ಕಣ್ಣು ಉರಿದರೆ, ಕೆಂಪಾದರೆ ವೈದ್ಯರಿಗೆ ತಿಳಿಸಿರಿ, ತಾವಾಗಿಯೇ ನಿಲ್ಲಿಸಬೇಡಿ. ಹಠಾತ್ತನೆ ಕಡುನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿರಿ. ಮನೆಯಲ್ಲಿ ಒಬ್ಬರಿಗೆ ಈ ರೋಗವಿದ್ದರೆ ಅಣ್ಣತಮ್ಮ, ಅಕ್ಕತಂಗಿಯರೂ ಮಕ್ಕಳೂ ಒಮ್ಮೆ ಕಣ್ಣು ತೋರಿಸಿಕೊಳ್ಳುವುದು ಲೇಸು. ದಿನಕ್ಕೆ ಒಂದೆರಡು ಹನಿ, ಎರಡು ನಿಮಿಷದ ತಾಳ್ಮೆ: ಮೊಮ್ಮಕ್ಕಳ ಮುಖವನ್ನು ಕೊನೆಯವರೆಗೂ ಕಾಣಲು ಇದೇನೂ ಹೆಚ್ಚಿನ ಬೆಲೆಯಲ್ಲ.