ಸೇಬು ಬದಲಾದ ಗಳಿಗೆ



ಮಕ್ಕಳಿಗಾಗಿ ಬರೆಯುವವರ ಸಮಾವೇಶದಲ್ಲಿ ಅಧ್ಯಕ್ಷ ಪೀಠದಿಂದ ಮಾತನಾಡುವವರು ಸಾಹಿತ್ಯದ ಎಲ್ಲ ದಿಕ್ಕುಗಳನ್ನೂ ಒಮ್ಮೆ ಸುತ್ತಿ ಬರುವುದು ರೂಢಿ. ನಾನು ಇಂದು ಒಂದೇ ಪುಸ್ತಕದ ಬಳಿ ನಿಲ್ಲುತ್ತೇನೆ. ಅದು ಅಮೆರಿಕದ ಲೇಖಕಿ ಲೋಯಿಸ್ ಲೌರಿ ಅವರ ‘ದ ಗಿವರ್’. 1993ರಲ್ಲಿ ಪ್ರಕಟವಾಯಿತು, ಮರುವರ್ಷವೇ ನ್ಯೂಬೆರಿ ಪದಕ ಪಡೆಯಿತು. ಹರೆಯದವರ ಡಿಸ್ಟೋಪಿಯನ್ ಕಾದಂಬರಿ ಎಂದಕೂಡಲೇ ಈಗ ಎಲ್ಲರಿಗೂ ನೆನಪಾಗುವುದು 2008ರ ‘ದ ಹಂಗರ್ ಗೇಮ್ಸ್’. ಅದಕ್ಕೂ 15 ವರ್ಷ ಮೊದಲು ಲೌರಿ ಅಖಾಡವಿಲ್ಲದೆ, ಖಳನಾಯಕನಿಲ್ಲದೆ ಅಷ್ಟೇ ಭಯ ಹುಟ್ಟಿಸುವ ಲೋಕವೊಂದನ್ನು ಕಟ್ಟಿದ್ದರು.

ಆ ಲೋಕ ಮೊದಲ ನೋಟಕ್ಕೆ ಚೆನ್ನಾಗಿಯೇ ಇದೆ. ಹಸಿವಿಲ್ಲ, ಜಗಳವಿಲ್ಲ. ಪ್ರತಿ ಮನೆಗೆ ಒಂದು ಗಂಡು ಮಗು, ಒಂದು ಹೆಣ್ಣು ಮಗು. ಆ ಮಕ್ಕಳನ್ನೂ ಹಿರಿಯರೇ ಆರಿಸಿ ಕೊಡುತ್ತಾರೆ. 12 ತುಂಬಿದವರಿಗೆ ಸಮಾರಂಭದಲ್ಲಿ ಬದುಕಿಡೀ ಮಾಡಬೇಕಾದ ಕೆಲಸ ಹಂಚುತ್ತಾರೆ. 4ರಿಂದ 6 ವರ್ಷದ ಮಕ್ಕಳ ಅಂಗಿಗೆ ಗುಂಡಿ ಇರುವುದು ಬೆನ್ನಿನ ಕಡೆ. ಒಬ್ಬರ ಗುಂಡಿಯನ್ನು ಇನ್ನೊಬ್ಬರು ಹಾಕಬೇಕು, ಹಾಗೆ ಒಬ್ಬರನ್ನೊಬ್ಬರು ನೆಚ್ಚಿ ಬಾಳುವುದನ್ನು ಕಲಿಯಬೇಕು. ಓದುವಾಗ ಇದು ಎಷ್ಟು ಒಳ್ಳೆಯ ಏರ್ಪಾಡು ಎನಿಸುತ್ತದೆ. ಅಂಗಿಯ ಗುಂಡಿಯವರೆಗೂ ಯಾರೋ ಯೋಚಿಸಿ ತೀರ್ಮಾನಿಸಿದ್ದಾರೆ ಎಂಬುದು ತಟ್ಟುವುದು ನಿಧಾನವಾಗಿ. ಆ ನಿಧಾನವೇ ಲೌರಿಯವರ ಕಸುಬು, ಅದರ ಬಗ್ಗೆಯೇ ನಾನು ಹೇಳಬೇಕಾಗಿರುವುದು.

ಮೂರನೆಯ ಅಧ್ಯಾಯವನ್ನು ನೋಡಿ. ಜೋನಾಸ್ ಎಂಬ ಹುಡುಗ ಗೆಳೆಯನ ಜೊತೆ ಸೇಬು ಎಸೆದು ಹಿಡಿಯುವ ಆಟ ಆಡುತ್ತಿದ್ದಾನೆ. ಗಾಳಿಯಲ್ಲಿರುವಾಗ ಸೇಬು ಒಂದು ಕ್ಷಣ ಬದಲಾಗುತ್ತದೆ. ಏನು ಬದಲಾಯಿತು ಎಂದು ಅವನಿಗೆ ತಿಳಿಯುವುದಿಲ್ಲ. ಕೈಗೆ ಬಂದಾಗ ಅದೇ ಆಕಾರ, ಅದೇ ಗಾತ್ರ. ಮನೆಗೆ ಒಯ್ದು ಭೂತಗನ್ನಡಿಯಲ್ಲಿ ನೋಡುತ್ತಾನೆ, ಏನೂ ಕಾಣುವುದಿಲ್ಲ. ಆಮೇಲೆ ಒಬ್ಬ ಹುಡುಗಿಯ ಕೂದಲು ಹಾಗೆಯೇ ಬದಲಾಗುತ್ತದೆ. ಓದುಗರಿಗೂ ಕಾರಣ ಗೊತ್ತಿಲ್ಲ. ಹನ್ನೆರಡನೆಯ ಅಧ್ಯಾಯದಲ್ಲಿ, ಊರಿನವರ ಪರವಾಗಿ ಗತಕಾಲದ ನೆನಪುಗಳನ್ನೆಲ್ಲ ಒಬ್ಬನೇ ಹೊತ್ತಿರುವ ಮುದುಕ ಹೇಳುತ್ತಾನೆ: ನೀನು ಕಾಣತೊಡಗಿರುವುದು ಕೆಂಪು ಬಣ್ಣವನ್ನು. ಅಲ್ಲಿಯವರೆಗೆ ನಾವು ಓದಿದ್ದು ಬಣ್ಣವೇ ಇಲ್ಲದ ಲೋಕವನ್ನು, ಅದು ನಮ್ಮ ಗಮನಕ್ಕೇ ಬಂದಿರಲಿಲ್ಲ. ಹಿಂದಿನ ಪುಟಗಳನ್ನು ತಿರುವಿ ನೋಡದೆ ಇರಲಾಗುವುದಿಲ್ಲ. ಬಣ್ಣವನ್ನು ಕಿತ್ತುಕೊಂಡ ಆಡಳಿತ ಕೆಟ್ಟದ್ದು ಎಂದು ಮೊದಲ ಪುಟದಲ್ಲೇ ಬರೆಯಬಹುದಿತ್ತು. ಬರೆದಿದ್ದರೆ ಅದು ಒಂದು ಮಾಹಿತಿಯಾಗಿ ಉಳಿಯುತ್ತಿತ್ತು. ಲೌರಿ ಹಾಗೆ ಮಾಡದೆ ಓದುಗರನ್ನು ಆ ಕುರುಡಿನೊಳಗೇ ಕೂರಿಸಿದರು. ವಿವರಣೆ ಕಾದಂಬರಿಯಲ್ಲಿ ಇಲ್ಲವೆಂದಲ್ಲ. ಹುಡುಗ ಕಂಡು, ಕಂಗಾಲಾಗಿ, ಕೇಳಿದ ಮೇಲೆ ಬರುತ್ತದೆ.

ಹತ್ತೊಂಬತ್ತನೆಯ ಅಧ್ಯಾಯವನ್ನು ಎಷ್ಟು ಬಾರಿ ಓದಿದರೂ ನನಗೆ ಎದೆ ಝಲ್ಲೆನ್ನುತ್ತದೆ. ಜೋನಾಸ್‌ನ ಅಪ್ಪ ಹಸುಗೂಸುಗಳನ್ನು ಸಾಕುವವನು, ಅಕ್ಕರೆಯ ಮನುಷ್ಯ. ಅವಳಿ ಕೂಸುಗಳಲ್ಲಿ ತೂಕ ಕಡಿಮೆ ಇರುವುದನ್ನು ಅವನು ‘ಬಿಡುಗಡೆ’ ಮಾಡಬೇಕು. ಬೇರೆ ಎಲ್ಲಿಗೋ ಕಳಿಸುತ್ತಾರೆಂದು ಮಗ ನಂಬಿದ್ದಾನೆ. ದೃಶ್ಯವನ್ನು ಪರದೆಯ ಮೇಲೆ ನೋಡಿದಾಗ ಗೊತ್ತಾಗುತ್ತದೆ, ಅಪ್ಪ ಮುದ್ದಿನ ಮಾತಾಡುತ್ತಲೇ ಕೂಸಿನ ಹಣೆಗೆ ಸಾಯಿಸುವ ಚುಚ್ಚುಮದ್ದು ಕೊಡುತ್ತಿದ್ದಾನೆ. ಲೇಖಕಿ ಅಲ್ಲಿ ಅಪ್ಪನನ್ನು ರಾಕ್ಷಸನನ್ನಾಗಿ ಮಾಡುವುದಿಲ್ಲ. ಅವನ ಧ್ವನಿ ಮನೆಯಲ್ಲಿ ಹೇಗಿತ್ತೋ ಹಾಗೇ ಇದೆ.

ಇದೆಲ್ಲ ಎಲ್ಲಿಂದ ಬಂತು ಎಂಬುದನ್ನು ನ್ಯೂಬೆರಿ ಸ್ವೀಕಾರ ಭಾಷಣದಲ್ಲಿ ಲೌರಿಯವರೇ ಹೇಳಿದ್ದಾರೆ. ತಂದೆ ಸೇನೆಯಲ್ಲಿದ್ದ ಕಾರಣ, ಯುದ್ಧ ಮುಗಿದ ಮೇಲಿನ ಟೋಕಿಯೊದಲ್ಲಿ ಅವರ ಬಾಲ್ಯದ ಕೆಲವು ಕಾಲ ಕಳೆಯಿತು. ಅಮೆರಿಕನ್ನರಿಗೆಂದೇ ಬೇಲಿ ಹಾಕಿದ ಬಡಾವಣೆ. ಒಳಗೆ ಅವರದೇ ಶಾಲೆ, ಲೈಬ್ರರಿ, ಸಿನಿಮಾ. ಹನ್ನೊಂದರ ಹುಡುಗಿ ಸೈಕಲ್ ಹತ್ತಿ ಬೇಲಿ ದಾಟಿ ಶಿಬುಯಾದ ಬೀದಿಗಳಿಗೆ ಹೋಗಿಬಿಡುತ್ತಿದ್ದಳು. ಎಷ್ಟೋ ವರ್ಷಗಳ ನಂತರ, ಮರೆವು ಆವರಿಸಿದ್ದ ಮುದಿ ತಂದೆ, ತೀರಿಹೋದ ಹಿರಿಮಗಳು ಹೆಲೆನ್‌ಳ ಫೋಟೊ ತೋರಿಸಿ, ಇವಳಿಗೇನಾಯಿತು ಎಂದು ಕೇಳಿದರು. ನೋವು ಮರೆತ ತಂದೆ ನೆಮ್ಮದಿಯಾಗಿದ್ದರು. ಆ ನೆಮ್ಮದಿಯನ್ನು ಕಂಡ ಮಗಳ ಮನಸ್ಸಿನಲ್ಲಿ ಎದ್ದ, ನೋವನ್ನು ಹೀಗೆ ಮರೆಯುವುದು ಸರಿಯೇ ಎಂಬ ಪ್ರಶ್ನೆಯೇ ಈ ಕಾದಂಬರಿಯ ಬೀಜ.

ಎಳೆಯರಿಗೆ ಇಷ್ಟು ಕತ್ತಲೆಯ ಕತೆ ಬೇಕೆ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲೂ ಈ ಪುಸ್ತಕವನ್ನು ಶಾಲೆಗಳಿಂದ ತೆಗೆಸಲು ಮತ್ತೆ ಮತ್ತೆ ಪ್ರಯತ್ನಗಳು ನಡೆದಿವೆ. ನಾವು ಪುಣ್ಯಕೋಟಿ ಕರುವನ್ನು ತಬ್ಬಲಿ ಮಾಡಿ ಹೊರಡುವುದನ್ನು, ಹುಲಿ ಪ್ರಾಣ ಬಿಡುವುದನ್ನು ಪುಟ್ಟ ಮಕ್ಕಳಿಗೇ ಹಾಡಿ ಕೇಳಿಸಿದವರು. ಬ್ರೌನಿಂಗನ ಪದ್ಯವನ್ನು ಕುವೆಂಪು ನಮ್ಮ ನೆಲಕ್ಕೆ ತಂದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ಊರಿನ ಮಕ್ಕಳೆಲ್ಲ ಜೋಗಿಯ ಹಿಂದೆ ಹೊರಟುಹೋಗುತ್ತಾರೆ, ಅದೂ ದೊಡ್ಡವರು ಕೊಟ್ಟ ಮಾತಿಗೆ ತಪ್ಪಿದ್ದರಿಂದ. ದೊಡ್ಡವರ ತಪ್ಪಿಗೆ ಮಕ್ಕಳು ತೆರುವ ಬೆಲೆ ನಮಗೆ ಹೊಸ ವಸ್ತುವೇನಲ್ಲ.

ಕೊರತೆ ಇರುವುದು ಬೇರೆ ಕಡೆ. ಹದಿಮೂರು, ಹದಿನಾಲ್ಕರ ಮಕ್ಕಳಿಗೆಂದೇ ಬರೆದ ಕನ್ನಡ ಕಾದಂಬರಿಗಳು ಇಂದಿಗೂ ಕಡಿಮೆ. ಚಿಕ್ಕವರ ಕತೆ ಮುಗಿಸಿದ ಹುಡುಗಿ ಕಾರಂತರ ಕಾದಂಬರಿಗೆ ಬರುವ ಹೊತ್ತಿಗೆ ನಡುವಿನ ವರ್ಷಗಳನ್ನು ಇಂಗ್ಲಿಷಿನಲ್ಲಿ ಕಳೆದಿರುತ್ತಾಳೆ, ಅಥವಾ ಓದನ್ನೇ ಬಿಟ್ಟಿರುತ್ತಾಳೆ. ವಸ್ತುವಿಗೆ ಬರವಿಲ್ಲ. ನಸುಕಿನ ಗಂಟೆಯಿಂದ ರಾತ್ರಿಯ ಸ್ಟಡಿ ಅವರ್‌ವರೆಗೆ ನಿಮಿಷ ನಿಮಿಷವೂ ನಿಗದಿಯಾಗಿರುವ ಪಿಯುಸಿ ಹಾಸ್ಟೆಲುಗಳನ್ನು ನೋಡಿ. ಟೆಸ್ಟಿನ ಅಂಕದ ಮೇಲೆ ಸೆಕ್ಷನ್ ಬದಲಾಗುತ್ತದೆ, ಸೆಕ್ಷನ್ನಿನ ಮೇಲೆ ಗೆಳೆಯರೂ ಬದಲಾಗುತ್ತಾರೆ. ಎಲ್ಲವೂ ಮಕ್ಕಳ ಒಳ್ಳೆಯದಕ್ಕೇ ಎಂದು ಅಪ್ಪ ಅಮ್ಮ ನಂಬಿ ಫೀಸು ಕಟ್ಟುತ್ತಾರೆ. ಇದನ್ನು ನೂರು ವರ್ಷ ಮುಂದಿನ ಊರೊಂದಕ್ಕೆ ಒಯ್ದು ನಿಲ್ಲಿಸುವ ಲೇಖಕ, ಲೇಖಕಿಗಾಗಿ ನಾನು ಕಾಯುತ್ತಿದ್ದೇನೆ.

ಮಧ್ಯಾಹ್ನದ ಗೋಷ್ಠಿಯಲ್ಲಿ ಯುವ ಬರಹಗಾರರು ಹಸ್ತಪ್ರತಿ ಓದಲಿದ್ದಾರೆ. ಅವರಲ್ಲಿ ಒಂದು ಕೋರಿಕೆ. ನಿಮ್ಮ ಕತೆಯ ಮಗು ಕೇಳುವ ಮೊದಲೇ ಅಜ್ಜನೋ ಮೇಷ್ಟ್ರೋ ನಿಂತು ವಿವರಿಸುವ ಪುಟ ಇದ್ದರೆ, ಇವತ್ತು ಅದನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಓದಿ. ಎಂಟನೇ, ಒಂಬತ್ತನೇ ತರಗತಿಯ ಮಕ್ಕಳು ಕೇಳಲು ಬಂದಿದ್ದಾರೆ. ಗೋಷ್ಠಿಯ ಕೊನೆಯಲ್ಲಿ ಮೊದಲ ಪ್ರಶ್ನೆಗಳು ಅವರವೇ ಆಗಿರಲಿ ಎಂದು ಸಂಘಟಕರನ್ನು ಕೇಳಿಕೊಂಡಿದ್ದೇನೆ.